ಹಳೆಯ ಯಂತ್ರದ ಹೊಣೆ

(ದತ್ತಿ ಉಪನ್ಯಾಸದ ಪರಿಷ್ಕೃತ ಪಾಠ)



ಈ ಸಲದ ವಿಷಯ ಏನೆಂದು ಸಂಚಾಲಕರು ಫೋನಿನಲ್ಲಿ ಕೇಳಿದರು. ಹಳೆಯ ವರ್ಕ್‌ಸ್ಟೇಷನ್‌ಗಳು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಕೃತಕ ಬುದ್ಧಿಮತ್ತೆ ಎಂದಿದ್ದರೆ ಈ ಸಭಾಂಗಣ ತುಂಬುತ್ತಿತ್ತು, ನಿಜ. ಅದರ ಬಗ್ಗೆ ಮಾತಾಡಲು ಜನ ಬೇಕಾದಷ್ಟಿದ್ದಾರೆ. ಮೂವತ್ತು ವರ್ಷ ಹಳೆಯ ಕಂಪ್ಯೂಟರೊಂದು ಈ ವರ್ಷದ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎದ್ದು ನಿಲ್ಲುವಂತೆ ನೋಡಿಕೊಳ್ಳುವ ಜನರ ಬಗ್ಗೆ, ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಹಾಗಾಗಿ ಇವತ್ತು ಅದನ್ನೇ ಹೇಳುತ್ತೇನೆ.

ವರ್ಕ್‌ಸ್ಟೇಷನ್ ಎಂದರೆ ಏನು ಎಂಬುದನ್ನು ಇಲ್ಲಿರುವ ಕಿರಿಯರಿಗಾಗಿ ಹೇಳಬೇಕು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಮನೆ, ಕಚೇರಿಗಳ ಪಿಸಿ ಒಂದು ಜಾತಿ. ಎಂಜಿನಿಯರ್, ವಿಜ್ಞಾನಿಗಳ ಮೇಜಿನ ಮೇಲೆ ಕೂರುತ್ತಿದ್ದ ಯಂತ್ರ ಇನ್ನೊಂದು ಜಾತಿ. ಅದರಲ್ಲಿ ಯೂನಿಕ್ಸ್ ಇರುತ್ತಿತ್ತು, ಜಾಲ ಇರುತ್ತಿತ್ತು, ದೊಡ್ಡ ಪರದೆ ಇರುತ್ತಿತ್ತು. ಬೆಲೆ ಪಿಸಿಯ ಹಲವು ಪಟ್ಟು. 1982ರಲ್ಲಿ ಹುಟ್ಟಿದ ಸನ್ ಮೈಕ್ರೋಸಿಸ್ಟಮ್ಸ್, ಅದೇ ಹೊತ್ತಿನ ಸಿಲಿಕಾನ್ ಗ್ರಾಫಿಕ್ಸ್, ಅವಕ್ಕಿಂತ ಹಿರಿಯರಾದ ಡಿಜಿಟಲ್ ಮತ್ತು ಹ್ಯೂಲೆಟ್ ಪ್ಯಾಕರ್ಡ್, ಒಬ್ಬೊಬ್ಬರದೂ ತಮ್ಮದೇ ಪ್ರೊಸೆಸರ್, ತಮ್ಮದೇ ಯೂನಿಕ್ಸ್. 1989ರಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 1 ತೆಳ್ಳಗಿನ ಚೌಕ ಡಬ್ಬಿ. ಅದರ ವೇಗ 20 ಮೆಗಾಹರ್ಟ್ಸ್. 1995ರ 'ಟಾಯ್ ಸ್ಟೋರಿ' ಚಿತ್ರದ ಒಂದೊಂದು ಚೌಕಟ್ಟನ್ನೂ ಲೆಕ್ಕ ಹಾಕಿ ಬಿಡಿಸಿದ್ದು 117 ಸ್ಪಾರ್ಕ್‌ಸ್ಟೇಷನ್ 20ಗಳು. ನಮ್ಮ ಸಿ-ಡ್ಯಾಕ್ 1998ರಲ್ಲಿ ಕಟ್ಟಿದ ಪರಮ್ 10000 ಸೂಪರ್‌ಕಂಪ್ಯೂಟರಿನ ಒಳಗಿದ್ದದ್ದೂ ಸನ್ನಿನ ಅಲ್ಟ್ರಾಸ್ಪಾರ್ಕ್ ಪ್ರೊಸೆಸರ್‌ಗಳೇ.

ಆ ಕಾಲ ಮುಗಿಯಿತು. ಪಿಸಿ ವೇಗವಾಯಿತು, ಅಗ್ಗವಾಯಿತು. 2006ರ ಕೊನೆಗೆ ಸಿಲಿಕಾನ್ ಗ್ರಾಫಿಕ್ಸ್ ತನ್ನ ಮಿಪ್ಸ್ ಯಂತ್ರಗಳ ತಯಾರಿಕೆ ನಿಲ್ಲಿಸಿತು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಯಂತ್ರಗಳು ಮಾತ್ರ ಉಳಿದವು. ಅವನ್ನು ಗಟ್ಟಿಯಾಗಿ ಕಟ್ಟಿದ್ದರು. ತಯಾರಕರ ಆಪರೇಟಿಂಗ್ ಸಿಸ್ಟಮ್ ಸತ್ತ ಮೇಲೆ ಅವುಗಳಿಗೆ ಇನ್ನೂ ಹೊಸ ತಂತ್ರಾಂಶ ಸಿಗುತ್ತಿದ್ದರೆ ಅದು ಮುಕ್ತ ತಂತ್ರಾಂಶದವರಿಂದ: ಲಿನಕ್ಸ್, 1993ರಲ್ಲಿ ಶುರುವಾದ ನೆಟ್‌ಬಿಎಸ್‌ಡಿ, ಅದರಿಂದ 1995ರಲ್ಲಿ ಕವಲೊಡೆದ ಓಪನ್‌ಬಿಎಸ್‌ಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "ಈ ಯಂತ್ರಕ್ಕೆ ಬೆಂಬಲವಿದೆ" ಎಂದರೆ ಅರ್ಥವೇನು? ಯಾರೋ ಒಮ್ಮೆ ಕೋಡ್ ಬರೆದಿದ್ದಾರೆ, ಅದು ಅಲ್ಲೇ ಇದೆ, ಆದ್ದರಿಂದ ಯಂತ್ರ ಓಡುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಕೋಡ್ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ಒಬ್ಬರು ನನ್ನನ್ನೇ ಕೇಳಿದ್ದುಂಟು. ಹಿಡಿಯುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ನಡುಭಾಗ ಪ್ರತಿ ವಾರ ಬದಲಾಗುತ್ತದೆ. ನೆನಪಿನ ನಿರ್ವಹಣೆಯನ್ನು ಯಾರೋ ತಿದ್ದುತ್ತಾರೆ, ಬೀಗದ ವ್ಯವಸ್ಥೆಯನ್ನು ಇನ್ಯಾರೋ. ಅವರ ಮೇಜಿನ ಮೇಲಿರುವುದು ಇಂಟೆಲ್ ಯಂತ್ರ; ಅಲ್ಲಿ ಎಲ್ಲ ಸರಿ. ಅದೇ ತಿದ್ದುಪಡಿ ಸನ್ನಿನ ಪ್ರೊಸೆಸರಾದ ಸ್ಪಾರ್ಕ್‌ನಲ್ಲಿ ಕಂಪೈಲ್ ಆಗದೆ ಇರಬಹುದು. ಕಂಪೈಲ್ ಆಗಿ ಬೂಟ್ ಆಗದೆ ಇರಬಹುದು. ಬೂಟ್ ಆಗಿ ಮೂರನೆಯ ದಿನ ಬೀಳಬಹುದು. ಇದನ್ನು ಹಿಡಿಯಬೇಕಾದರೆ ಯಾರದೋ ಮನೆಯಲ್ಲಿ ಆ ಯಂತ್ರ ಚಾಲೂ ಇರಬೇಕು, ಅವರು ಪ್ರತಿ ವಾರ ಹೊಸ ಕೋಡ್ ತಂದು ಕಟ್ಟಿ ಓಡಿಸಿ ನೋಡಬೇಕು. ಬೆಂಬಲ ಎಂದರೆ ಒಬ್ಬ ಮನುಷ್ಯ ಮತ್ತು ಅವನ ಬಳಿ ಇರುವ, ಕರೆಂಟು ಹರಿಯುತ್ತಿರುವ ಒಂದು ಯಂತ್ರ. ಇವೆರಡರಲ್ಲಿ ಒಂದು ಹೋದರೂ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಬೆಂಬಲ ಉಳಿಯುವುದಿಲ್ಲ.

ಯಂತ್ರವನ್ನು ಚಾಲೂ ಇಡುವುದೇ ಒಂದು ಕೆಲಸ. ಸನ್ ಯಂತ್ರಗಳ ಒಳಗೆ ಎಂ48ಟಿ ಸರಣಿಯ ಒಂದು ಕಪ್ಪು ಚಿಪ್ ಇರುತ್ತದೆ. ಗಡಿಯಾರ, ಸ್ವಲ್ಪ ನೆನಪು, ಎರಡಕ್ಕೂ ಜೀವ ಕೊಡುವ ಲಿಥಿಯಂ ಬ್ಯಾಟರಿ, ಮೂರನ್ನೂ ಒಂದೇ ರಾಳದ ಮುದ್ದೆಯೊಳಗೆ ಮುಚ್ಚಿ ಕೊಟ್ಟಿದ್ದಾರೆ. ಬ್ಯಾಟರಿಯ ಆಯುಷ್ಯ ಹತ್ತು ವರ್ಷದ ಆಸುಪಾಸು. ಅದು ಸತ್ತ ದಿನ ಯಂತ್ರಕ್ಕೆ ತನ್ನ ಹೆಸರೇ ಮರೆತುಹೋಗುತ್ತದೆ. ಈಥರ್ನೆಟ್ ವಿಳಾಸ ಇದ್ದದ್ದು ಆ ನೆನಪಿನಲ್ಲೇ! ಪರದೆಯ ಮೇಲೆ ಐಡಿಪ್ರಾಮ್ ಸರಿಯಿಲ್ಲ ಎಂಬ ಸಾಲು ಬರುತ್ತದೆ, ವಿಳಾಸದ ಜಾಗದಲ್ಲಿ ಬರೀ ಎಫ್ ಅಕ್ಷರಗಳು. ಜಾಲದ ಮೂಲಕ ಬೂಟ್ ಮಾಡುವ ಯಂತ್ರವಾದರೆ ಅಲ್ಲಿಗೆ ಮುಗಿಯಿತು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಮದ್ದು ಎರಡು. ಒಂದು, ಸ್ಟಾಪ್ ಮತ್ತು ಎ ಕೀಲಿ ಒತ್ತಿ 'ಓಕೆ' ಎಂದು ಕಾಯುವ ಓಪನ್‌ಬೂಟ್‌ಗೆ ಇಳಿದು, ಫೋರ್ತ್ ಭಾಷೆಯಲ್ಲಿ ಒಂದೊಂದೇ ಬೈಟನ್ನು ಕೈಯಾರೆ ತುಂಬುವುದು. ಸನ್ನಿನ ಹಳೆಯ ವಿಳಾಸಗಳು 8, 0, 20 ಎಂದು ಶುರುವಾಗುತ್ತವೆ ಎಂಬುದು ಈ ಜನರಿಗೆ ಬಾಯಿಪಾಠ. ಇನ್ನೊಂದು, ಗರಗಸ ಹಿಡಿದು ಚಿಪ್ಪಿನ ತಲೆ ಕೊರೆದು, ಒಳಗಿನ ಬ್ಯಾಟರಿಯ ತಂತಿ ಕತ್ತರಿಸಿ, ಅಂಗಡಿಯಲ್ಲಿ ಸಿಗುವ ನಾಣ್ಯದಾಕಾರದ ಬ್ಯಾಟರಿಯನ್ನು ಬೆಸುಗೆ ಹಾಕುವುದು. ಎರಡನೆಯದನ್ನು ನಾನೂ ಮಾಡಿದ್ದೇನೆ. ರಾಳದ ಧೂಳಿನ ವಾಸನೆ ಎರಡು ದಿನ ಹೋಗುವುದಿಲ್ಲ, ಮನೆಯವರ ಮಾತೂ ಅಷ್ಟೇ. ಡಿಸ್ಕ್ ಹೋದರೆ ಐವತ್ತು ಪಿನ್ನಿನ ಸ್ಕಸಿ ಡಿಸ್ಕ್ ಈಗ ಹೊಸದು ಸಿಗುವುದಿಲ್ಲ, ಮೆಮೊರಿ ಕಾರ್ಡನ್ನು ಸ್ಕಸಿ ಡಿಸ್ಕ್ ಎಂದು ನಂಬಿಸುವ ಸಣ್ಣ ಬೋರ್ಡ್ ಹಾಕಬೇಕು. ಪರದೆಯ ಕನೆಕ್ಟರ್ ಕೂಡ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥದ್ದನ್ನು ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಪೆಟ್ಟಿಗೆ.

ಇಷ್ಟು ಕಷ್ಟ ಪಟ್ಟು ಸಿಗುವುದೇನು? ಇದು ಹಳೆಯದರ ಮೋಹ ಎಂದು ತಳ್ಳಿಹಾಕುವವರಿಗೆ ನನ್ನ ಉತ್ತರ ಇದೆ. ಮೋಹ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಹಳೆಯ ಯಂತ್ರ ಹೊಸ ಕೋಡಿನ ತಪ್ಪು ಹಿಡಿಯುತ್ತದೆ. ಸ್ಪಾರ್ಕ್ ಪ್ರೊಸೆಸರಿಗೆ ಒಂದು ಹಟವಿದೆ: ನಾಲ್ಕು ಬೈಟ್‌ಗಳ ಸಂಖ್ಯೆಯನ್ನು ಓದಬೇಕಾದರೆ ಅದರ ವಿಳಾಸ ನಾಲ್ಕರಿಂದ ಭಾಗವಾಗಲೇಬೇಕು. ಇಲ್ಲದಿದ್ದರೆ ಪ್ರೋಗ್ರಾಮನ್ನು ಆ ಕ್ಷಣವೇ ನಿಲ್ಲಿಸುತ್ತದೆ. ಅಂಥ ವಿಳಾಸವನ್ನು ಕೊಟ್ಟರೂ ಇಂಟೆಲ್ ಯಂತ್ರ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ, ತಪ್ಪು ವರ್ಷಗಟ್ಟಲೆ ಒಳಗೇ ಇರುತ್ತದೆ. ಬೈಟ್‌ಗಳ ಕ್ರಮವೂ ಬೇರೆ. 258 ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಇಟ್ಟರೆ ಸ್ಪಾರ್ಕ್‌ನಲ್ಲಿ ಮೊದಲು 1, ಆಮೇಲೆ 2. ಇಂಟೆಲ್‌ನಲ್ಲಿ ಮೊದಲು 2, ಆಮೇಲೆ 1. ಕಡತಕ್ಕೆ ಬರೆಯುವಾಗ, ಜಾಲಕ್ಕೆ ಕಳಿಸುವಾಗ ಈ ಕ್ರಮವನ್ನು ಗಮನಿಸದೆ ಬರೆದ ಕೋಡ್ ಇಂಟೆಲ್‌ನಲ್ಲಿ ಆಕಸ್ಮಿಕವಾಗಿ ಸರಿಯಾಗಿರುತ್ತದೆ. ಸ್ಪಾರ್ಕ್‌ನಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತದೆ. ಓಪನ್‌ಬಿಎಸ್‌ಡಿಯವರು 64 ಬಿಟ್‌ನ ಸ್ಪಾರ್ಕ್ ಆವೃತ್ತಿಯನ್ನು ಇವತ್ತಿಗೂ ಬಿಡದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನೊಂದು ಉದಾಹರಣೆ. 32 ಬಿಟ್‌ನಲ್ಲಿ 1970ರಿಂದ ಸೆಕೆಂಡು ಎಣಿಸುವ ವ್ಯವಸ್ಥೆಗಳ ಲೆಕ್ಕ 2038ರ ಜನವರಿ 19ರಂದು ತೀರುತ್ತದೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ನೆಟ್‌ಬಿಎಸ್‌ಡಿ 2012ರ 6.0 ಆವೃತ್ತಿಯಲ್ಲಿ, ಓಪನ್‌ಬಿಎಸ್‌ಡಿ 2014ರ 5.5ರಲ್ಲಿ ಎಲ್ಲ ಯಂತ್ರಗಳಲ್ಲೂ, 32 ಬಿಟ್‌ನ ಮುದುಕರನ್ನೂ ಸೇರಿಸಿ, ಕಾಲವನ್ನು 64 ಬಿಟ್‌ಗೆ ಏರಿಸಿಬಿಟ್ಟವು. 32 ಬಿಟ್‌ನ ಲಿನಕ್ಸ್ ಕರ್ನಲ್‌ನಲ್ಲಿ ಈ ಕೆಲಸ ಮುಗಿದದ್ದು 2020ರಲ್ಲಿ. ಹಳೆಯ ಯಂತ್ರಗಳ ಚಿಂತೆ ಇದ್ದವರು ಎಲ್ಲರಿಗಿಂತ ಮೊದಲು ಭವಿಷ್ಯದ ಸಮಸ್ಯೆ ಬಗೆಹರಿಸಿಕೊಂಡರು.

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಉಳಿಸಿಕೊಳ್ಳಬೇಕೆ? ಇಲ್ಲಿ ನಾನು ಹವ್ಯಾಸಿ ಗೆಳೆಯರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಡಿಜಿಟಲ್ ಕಂಪನಿಯ ಆಲ್ಫಾ ಪ್ರೊಸೆಸರನ್ನು ತೆಗೆದುಕೊಳ್ಳಿ. 1992ರಲ್ಲಿ ಬಂದಾಗ ಅದರ ವೇಗಕ್ಕೆ ಸಾಟಿಯಿರಲಿಲ್ಲ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇಂಟೆಲ್ ಬಿಟ್ಟು ಬೇರೆ ಪ್ರೊಸೆಸರಿಗೆ ತಾವೇ ಕೂತು ಲಿನಕ್ಸನ್ನು ಒಗ್ಗಿಸಿದ್ದು ಆಲ್ಫಾಕ್ಕೆ. ವೇಗಕ್ಕಾಗಿ ಅದರ ವಿನ್ಯಾಸಕಾರರು ಒಂದು ರಾಜಿ ಮಾಡಿಕೊಂಡಿದ್ದರು: ಒಂದೇ ಒಂದು ಬೈಟನ್ನು ನೆನಪಿಗೆ ಬರೆಯುವ ಆದೇಶವನ್ನೇ ಇಡಲಿಲ್ಲ. ಬೈಟ್ ಬದಲಿಸಬೇಕಾದರೆ ಸುತ್ತಲಿನ ನಾಲ್ಕೋ ಎಂಟೋ ಬೈಟ್‌ಗಳನ್ನು ಒಟ್ಟಿಗೆ ಓದಿ, ಬೇಕಾದ್ದನ್ನು ತಿದ್ದಿ, ಮತ್ತೆ ಅಷ್ಟನ್ನೂ ಬರೆಯಬೇಕು. ಇಬ್ಬರು ಗುಮಾಸ್ತರು ಒಂದೇ ಪುಟವನ್ನು ಬೇರೆಬೇರೆಯಾಗಿ ನಕಲು ಮಾಡಿಕೊಂಡು, ತಂತಮ್ಮ ಸಾಲು ತಿದ್ದಿ, ಒಬ್ಬರಾದ ಮೇಲೊಬ್ಬರು ಪುಟವನ್ನು ವಾಪಸು ಅಂಟಿಸಿದಂತೆ. ಮೊದಲನೆಯವನ ತಿದ್ದುಪಡಿ ಮಾಯ. ಎರಡು ಪ್ರೊಸೆಸರ್‌ಗಳು ಅಕ್ಕಪಕ್ಕದ ಬೈಟ್‌ಗಳನ್ನು ಬರೆದರೆ ಆಗುವುದು ಇದೇ. 1996ರ ಇವಿ56 ಮಾದರಿಯಲ್ಲಿ ಬೈಟ್ ಆದೇಶಗಳು ಬಂದವು. ಆದರೆ ಹಳೆಯ ಮಾದರಿಗಳಿಗಾಗಿ ಇಡೀ ಕರ್ನಲ್‌ನಲ್ಲಿ ಎಲ್ಲಿಯೂ ಎರಡು ಬೈಟ್‌ಗಳು ಸ್ವತಂತ್ರ ಎಂದು ನಂಬುವಂತಿರಲಿಲ್ಲ. ಆಲ್ಫಾದ ಗಂಧವೇ ಇಲ್ಲದ ಸಾವಿರಾರು ಜನ ಆ ನಿಯಮಕ್ಕೆ ತಲೆಬಾಗಬೇಕಿತ್ತು. 2024ರ ಲಿನಕ್ಸ್ 6.10ರಲ್ಲಿ ಇವಿ56ಕ್ಕಿಂತ ಹಿಂದಿನ ಆಲ್ಫಾಗಳನ್ನು ಕೈಬಿಟ್ಟರು. ಸರಿಯಾಗಿಯೇ ಮಾಡಿದರು ಎಂಬುದು ನನ್ನ ಅಭಿಪ್ರಾಯ. ಒಬ್ಬರ ಯಂತ್ರಕ್ಕಾಗಿ ಎಲ್ಲರ ಕೋಡ್ ಬಾಗಬೇಕಾದಾಗ, ಆ ಒಬ್ಬರಾದರೂ ಅಲ್ಲಿರಬೇಕು. ಲಿನಸ್ 1991ರಲ್ಲಿ ಲಿನಕ್ಸ್ ಬರೆದದ್ದೇ ಇಂಟೆಲ್ 386 ಯಂತ್ರದ ಮೇಲೆ, 2013ರ 3.8 ಆವೃತ್ತಿಯಲ್ಲಿ ಅದಕ್ಕೂ ವಿದಾಯ ಹೇಳಿದರು, ಯಾವ ಕಣ್ಣೀರೂ ಇಲ್ಲದೆ.

ಓಪನ್‌ಬಿಎಸ್‌ಡಿ ಕೂಡ ಡಿಜಿಟಲ್ ಕಂಪನಿಯ ವ್ಯಾಕ್ಸ್ ಮತ್ತು 32 ಬಿಟ್ ಸ್ಪಾರ್ಕ್‌ಗಳನ್ನು 2016ರ 5.9 ಆವೃತ್ತಿಯ ನಂತರ, ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳನ್ನು 2021ರ 6.9ರ ನಂತರ ಕೈಬಿಟ್ಟಿತು. ನೆಟ್‌ಬಿಎಸ್‌ಡಿಯಲ್ಲಿ ಇವು ಮೂರೂ ಇನ್ನೂ ಇವೆ, 2024ರ 10.0 ಆವೃತ್ತಿಯಲ್ಲೂ ಇವೆ. ಒಂದೇ ಬೇರಿನ ಎರಡು ಯೋಜನೆಗಳಲ್ಲಿ ಈ ವ್ಯತ್ಯಾಸ ಏಕೆ? ಓಪನ್‌ಬಿಎಸ್‌ಡಿಯ ನಿಯಮ ಕಟ್ಟುನಿಟ್ಟು: ಪ್ರತಿ ಯಂತ್ರವೂ ತನ್ನ ಆವೃತ್ತಿಯನ್ನು ತನ್ನ ಮೇಲೇ ಕಟ್ಟಿಕೊಳ್ಳಬೇಕು. ಕಟ್ಟುವ ಕೆಲಸವೇ ಪರೀಕ್ಷೆ. ನಿಧಾನದ ಯಂತ್ರದಲ್ಲಿ ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ನಡುವೆ ಒಮ್ಮೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನೆಟ್‌ಬಿಎಸ್‌ಡಿಯವರು ಒಂದು ವೇಗದ ಪಿಸಿಯಲ್ಲಿ ಕೂತು ಐವತ್ತಕ್ಕೂ ಹೆಚ್ಚು ಬಗೆಯ ಯಂತ್ರಗಳಿಗೆ ತಂತ್ರಾಂಶ ಕಟ್ಟಬಹುದು. ಅದರ ಜೊತೆಗೆ ಅವರು ಡ್ರೈವರ್‌ಗಳನ್ನು ಎರಡು ಪದರಗಳಲ್ಲಿ ಬರೆದರು. ಸ್ಪಾರ್ಕ್‌ಸ್ಟೇಷನ್‌ನಲ್ಲೂ ಡಿಜಿಟಲ್‌ನ ಡೆಕ್‌ಸ್ಟೇಷನ್‌ನಲ್ಲೂ ಇದ್ದ ಈಥರ್ನೆಟ್ ಚಿಪ್ ಲ್ಯಾನ್ಸ್ ಎಂಬ ಒಂದೇ ಕುಲದ್ದು. ಚಿಪ್ಪಿನ ಜೊತೆ ಮಾತಾಡುವ ಭಾಗ ಒಂದೇ. ಅದು ಯಾವ ಬಸ್ಸಿಗೆ ಅಂಟಿದೆ, ನೆನಪನ್ನು ಹೇಗೆ ಮುಟ್ಟುತ್ತದೆ ಎಂಬ ಸಣ್ಣ ಭಾಗ ಮಾತ್ರ ಯಂತ್ರಕ್ಕೊಂದು. ಹೊಸ ಪಿಸಿಐ ಕಾರ್ಡಿಗಾಗಿ ಮಾಡಿದ ಸುಧಾರಣೆ ಹಳೆಯ ಎಸ್‌ಬಸ್ ಕಾರ್ಡಿಗೂ ಪುಕ್ಕಟೆ ಸಿಗುತ್ತದೆ. ಬೆರಳೆಣಿಕೆಯ ಜನ ಇಷ್ಟು ಯಂತ್ರಗಳನ್ನು ಸಾಕಲು ಸಾಧ್ಯವಾದದ್ದು ಇದರಿಂದ. ನನ್ನನ್ನು ಕೇಳಿದರೆ, ಗಣಕ ವಿಜ್ಞಾನ ಓದುವವರಿಗೆ ಒಳ್ಳೆಯ ವಿನ್ಯಾಸ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೂ ಓಪನ್‌ಬಿಎಸ್‌ಡಿಯ ಹಟದಲ್ಲಿ ಒಂದು ಸತ್ಯವಿದೆ. ಪಿಸಿಯಲ್ಲಿ ಕಟ್ಟಿ, ಕ್ಯೂಎಮು ಎಂಬ ಅನುಕರಣೆಯಲ್ಲಿ ಓಡಿಸಿ, ಸರಿ ಎಂದು ಬರೆದುಕೊಂಡದ್ದು ನಿಜವಾದ ಯಂತ್ರದಲ್ಲಿ ಏಳದೆ ಇರಬಹುದು. ಕ್ಯಾಶ್‌ನ ವಿಚಿತ್ರ ನಡವಳಿಕೆ, ಡಿಎಂಎ ಸಮಯದ ತೊಡಕು, ಬಿಸಿಯಾದ ಮೇಲೆ ತಪ್ಪುವ ಚಿಪ್, ಇವು ಅನುಕರಣೆಯಲ್ಲಿ ಬರುವುದಿಲ್ಲ.

ಕರೆಂಟು ಎಂದೆ. 2014ರ ಜನವರಿಯಲ್ಲಿ ಓಪನ್‌ಬಿಎಸ್‌ಡಿಯವರು ಒಂದು ಮನವಿ ಹೊರಡಿಸಿದರು: ನಮ್ಮ ಯಂತ್ರಗಳ ವಿದ್ಯುತ್ ಬಿಲ್ ವರ್ಷಕ್ಕೆ ಸುಮಾರು 20,000 ಡಾಲರ್, ಕಟ್ಟುವವರಿಲ್ಲ. ಆ ಯಂತ್ರಗಳು ಇದ್ದದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಯೋಜನೆಯ ಸ್ಥಾಪಕ ಥಿಯೋ ಡಿ ರಾಟ್ ಅವರ ಮನೆಯಲ್ಲಿ. ಹಳೆಯ ಯಂತ್ರಗಳನ್ನು ಬಿಸಾಡಿ, ಬಿಲ್ ಇಳಿಯುತ್ತದೆ ಎಂದು ಉಪದೇಶ ಮಾಡಿದವರೇ ಹೆಚ್ಚು. ಅದೇ ಯೋಜನೆಯಿಂದ ಹೊರಟ ಓಪನ್‌ಎಸ್‌ಎಸ್‌ಎಚ್ ಪ್ರಪಂಚದ ಬಹುಪಾಲು ಸರ್ವರ್‌ಗಳ ಬಾಗಿಲು ಕಾಯುತ್ತಿದೆ. ಉಪದೇಶ ಮಾಡಿದವರೂ ಅದನ್ನು ದಿನವೂ ಬಳಸುವವರೇ. ಕೊನೆಗೆ ಹಣ ಬಂತು, ಅದು ಬೇರೆ ಮಾತು. ಹೊಸದನ್ನು ಕಟ್ಟಲು ದಾನಿಗಳಿರುತ್ತಾರೆ, ಇದ್ದದ್ದನ್ನು ನಡೆಸಲು ಇರುವುದಿಲ್ಲ. ದತ್ತಿಯ ವೇದಿಕೆಯಿಂದ ಇದನ್ನು ಹೇಳಲು ಸಂಕೋಚವಿಲ್ಲ.

ಇತ್ತೀಚೆಗೆ ಹೊಡೆತ ಬೀಳುತ್ತಿರುವುದು ಕರ್ನಲ್ ಕಡೆಯಿಂದ ಅಲ್ಲ, ಕೋಡನ್ನು ಪ್ರೊಸೆಸರಿನ ಭಾಷೆಗೆ ಇಳಿಸುವ ಕಂಪೈಲರ್ ಕಡೆಯಿಂದ. ಯಾವ ಪ್ರೊಸೆಸರಿಗೆ ಕಂಪೈಲರ್ ಇಲ್ಲವೋ ಅದಕ್ಕೆ ಬೇರೆ ಏನಿದ್ದೂ ವ್ಯರ್ಥ. ಜಿಸಿಸಿ ಕಂಪೈಲರಿನ ಒಳಗಿನ ಒಂದು ಹಳೆಯ ಪದ್ಧತಿಯನ್ನು 2021ರ 11ನೆಯ ಆವೃತ್ತಿಯ ಹೊತ್ತಿಗೆ ತೆಗೆಯುವುದೆಂದು ತೀರ್ಮಾನವಾದಾಗ ಮೋಟೊರೋಲಾ 68000 ಕುಲ ಮತ್ತು ವ್ಯಾಕ್ಸ್ ಎರಡೂ ಅಂಚಿಗೆ ಬಂದಿದ್ದವು. 68000 ಉಳಿಸಲು ಹವ್ಯಾಸಿಗಳು ಚಂದಾ ಎತ್ತಿ ಬಹುಮಾನ ಇಟ್ಟರು, ಬಲ್ಲವರು ಕೂತು ಕೆಲಸ ಮಾಡಿದರು, ವ್ಯಾಕ್ಸ್‌ಗೂ ಹಾಗೆಯೇ. ಎರಡೂ ಉಳಿದವು. ರಸ್ಟ್ ಭಾಷೆಯ ವಿಷಯ ಇನ್ನೂ ಬಿಗಿ. ಅದರ ಕಂಪೈಲರ್ ಎಲ್‌ಎಲ್‌ವಿಎಂ ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಅದರಲ್ಲಿ ಆಲ್ಫಾ ಒಮ್ಮೆ ಇತ್ತು, 2011ರಲ್ಲಿ ತೆಗೆದರು. ಎಚ್‌ಪಿಯ ಪಿಎ-ರಿಸ್ಕ್ ಇಲ್ಲ. 2021ರ ಫೆಬ್ರವರಿಯಲ್ಲಿ ಪೈಥಾನಿನ ಒಂದು ಪ್ರಮುಖ ಗೂಢಲಿಪಿ ಪೊಟ್ಟಣ ರಸ್ಟ್‌ಗೆ ಬದಲಾದಾಗ ಈ ಯಂತ್ರಗಳಲ್ಲಿ ಅದನ್ನು ಅವಲಂಬಿಸಿದ ತಂತ್ರಾಂಶವೆಲ್ಲ ಒಟ್ಟಿಗೆ ನಿಂತಿತು. ಗಲಾಟೆಯಾಯಿತು. ಸುರಕ್ಷತೆಗಾಗಿ ರಸ್ಟ್ ಬೇಕು ಎನ್ನುವವರ ವಾದವೂ ಪೊಳ್ಳಲ್ಲ. ಯಾರಿಗೂ ಗೊತ್ತಾಗದಂತೆ ಯಂತ್ರದ ಆಯುಷ್ಯ ನಿರ್ಧಾರವಾಗುವುದು ಈಗ ಹೀಗೆ: ಕರ್ನಲ್‌ನವರು ಬಿಟ್ಟಿಲ್ಲ, ಡ್ರೈವರ್ ಇದೆ, ಆದರೆ ಮೇಲಿನ ಯಾವುದೋ ಒಂದು ಪೊಟ್ಟಣ ಬೇರೆ ದಾರಿ ಹಿಡಿಯಿತು.

ಇಂಟೆಲ್‌ನ ಇಟೇನಿಯಂ ಕತೆ ಇದಕ್ಕೆ ಎದುರು ಸಾಕ್ಷಿ. 2001ರಲ್ಲಿ ಬಂದ, ಬಳಸುವವರಿಗಿಂತ ನಗುವವರೇ ಹೆಚ್ಚಾಗಿದ್ದ ಪ್ರೊಸೆಸರ್ ಅದು. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಅದನ್ನು ತೆಗೆದರು. ಜಿಸಿಸಿ ಕೂಡ ಕೈಬಿಡುವುದಾಗಿ ಸೂಚನೆ ಕೊಟ್ಟಿತ್ತು. ಅಷ್ಟರಲ್ಲಿ ಒಬ್ಬರು ಎದ್ದು, ಹೊಣೆ ನನ್ನದು ಎಂದರು. ಸೂಚನೆ ವಾಪಸಾಯಿತು. ಒಬ್ಬರು ಸಾಕಾಯಿತು.

ತಯಾರಕರ ಪಾಲಿನ ಬಗ್ಗೆ ಒಂದು ಮಾತು. ಡಿಜಿಟಲ್ ತನ್ನ ಪ್ರೊಸೆಸರ್‌ಗಳ ಕೈಪಿಡಿಗಳನ್ನು ಅಚ್ಚುಕಟ್ಟಾಗಿ ಪ್ರಕಟಿಸುತ್ತಿತ್ತು. ವ್ಯಾಕ್ಸ್, ಆಲ್ಫಾಗಳು ಇಷ್ಟು ದಿನ ಬದುಕಿದ್ದಕ್ಕೆ ಅದೂ ಕಾರಣ. ಸಿಲಿಕಾನ್ ಗ್ರಾಫಿಕ್ಸ್‌ನ ಆಕ್ಟೇನ್ ಯಂತ್ರದ ಚಿತ್ರ ಬರೆಯುವ ಬೋರ್ಡಿಗೆ ಅಂಥ ಕೈಪಿಡಿ ಹೊರಬರಲಿಲ್ಲ. ಉತ್ಸಾಹಿಗಳು ಯಂತ್ರವನ್ನೇ ಕೆದಕಿ, ಒಂದೊಂದು ರಿಜಿಸ್ಟರ್ ಏನು ಮಾಡುತ್ತದೆಂದು ಊಹಿಸಿ ಡ್ರೈವರ್ ಬರೆದರು. ಬೆಂಬಲ ನಿಲ್ಲಿಸುವ ದಿನ ಕೈಪಿಡಿಯನ್ನು ಬಿಡುಗಡೆ ಮಾಡಬೇಕು ಎಂಬ ಷರತ್ತನ್ನು ಖರೀದಿಯ ಒಪ್ಪಂದದಲ್ಲೇ ಹಾಕಬೇಕು. ಸರ್ಕಾರ, ವಿಶ್ವವಿದ್ಯಾಲಯಗಳು ಸಾರ್ವಜನಿಕ ಹಣದಲ್ಲಿ ಕೋಟಿಗಟ್ಟಲೆಯ ಯಂತ್ರ ಕೊಳ್ಳುವಾಗ ಇಷ್ಟು ಕೇಳುವುದು ದೊಡ್ಡ ಮಾತಲ್ಲ.

ಇದು ನಮಗೆ ದೂರದ ವಿಷಯವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ಅದರ ಮುಂದಿನ ಆವೃತ್ತಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಗಳನ್ನು ಒಪ್ಪುವುದಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರಗಳು ಕಾಗದದ ಮೇಲೆ ಹಳೆಯವಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಡೆಬಿಯನ್ ಲಿನಕ್ಸ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಹೊಸದಾಗಿ ಅನುಸ್ಥಾಪಿಸುವ ಸೌಲಭ್ಯವೂ ಇಲ್ಲ. ವರ್ಕ್‌ಸ್ಟೇಷನ್‌ಗಳಿಗೆ ಇಪ್ಪತ್ತು ವರ್ಷದ ಹಿಂದೆ ಆದದ್ದು ಈಗ ನಮ್ಮ ಶಾಲೆಗಳ ಲ್ಯಾಬಿಗೆ ಬಂದಿದೆ.

ಆದ್ದರಿಂದ ಇಲ್ಲಿರುವ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಬೇಡಿಕೆ. ನಿಮ್ಮ ಸ್ಟೋರ್ ರೂಮಿನಲ್ಲಿ ಸನ್, ಎಚ್‌ಪಿ, ಸಿಲಿಕಾನ್ ಗ್ರಾಫಿಕ್ಸ್ ಎಂದು ಬರೆದ ಡಬ್ಬಿಗಳಿದ್ದರೆ ಗುಜರಿಗೆ ತೂಗಿಸುವ ಮೊದಲು ಮಾದರಿ ಸಂಖ್ಯೆ ಬರೆದಿಡಿ, ಬೋರ್ಡಿನ ಫೋಟೊ ತೆಗೆಯಿರಿ, ಜೊತೆಗಿದ್ದ ಕೈಪಿಡಿ, ಟೇಪು, ಸಿಡಿಗಳನ್ನು ಬೇರೆ ಮಾಡಿ ಇಡಿ. ಇ-ತ್ಯಾಜ್ಯದ ನಿಯಮಗಳ ಪ್ರಕಾರ ದೊಡ್ಡ ಸಂಸ್ಥೆಗಳು ಇವನ್ನು ಸಿಕ್ಕವರಿಗೆ ಮಾರುವಂತಿಲ್ಲ. ಆದರೆ ನೋಂದಾಯಿತ ಮರುಬಳಕೆದಾರರ ಜೊತೆಗೆ ನೋಂದಾಯಿತ ದುರಸ್ತಿಗಾರರಿಗೂ ಕೊಡಲು ಅವಕಾಶವಿದೆ. ಮೊದಲು ಅವರನ್ನು ಕೇಳಿ. ಸಾಧ್ಯವಾದರೆ ಒಂದನ್ನು ಲ್ಯಾಬಿನಲ್ಲೇ ಉಳಿಸಿಕೊಂಡು ವಿದ್ಯಾರ್ಥಿಗಳ ಕೈಗೆ ಕೊಡಿ.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೆ. ಯಂತ್ರ ಇಲ್ಲದಿದ್ದರೆ ಕ್ಯೂಎಮುವಿನಲ್ಲಿ ಸ್ಪಾರ್ಕ್‌ಸ್ಟೇಷನ್ 5 ಎಬ್ಬಿಸಿ, ನೆಟ್‌ಬಿಎಸ್‌ಡಿ ಹಾಕಿ, ಅದರ ಪರೀಕ್ಷೆಗಳನ್ನು ಓಡಿಸಿ ನೋಡಿ. ಯಂತ್ರ ಸಿಕ್ಕರೆ ಬೂಟ್ ಆಗುವಾಗ ಪರದೆಯ ಮೇಲೆ ಬರುವ ಸಾಲುಗಳನ್ನು ಪೂರ್ತಿ ಉಳಿಸಿ ಯೋಜನೆಯವರಿಗೆ ಕಳಿಸಿ. ಅವರು ಅದನ್ನು ಕೇಳುತ್ತಾರೆ, ಓದುತ್ತಾರೆ. ನಿಮ್ಮ ಇಂಗ್ಲಿಷ್ ಹೇಗಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಎಲ್ಲಿ ನಿಂತಿತು ಎಂಬ ಸಾಲು ಸರಿಯಾಗಿದ್ದರೆ ಸಾಕು.